ಪುಕ್ಕಟೆ ತಂತ್ರಾಂಶಕ್ಕೂ ಖರ್ಚಿದೆ: ಓಪನ್ ಸೋರ್ಸ್ ಯೋಜನೆ ಬಾಳಲು ಎಂಟು ಸೂತ್ರಗಳು

2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ಜಗತ್ತಿನ ಐಟಿ ವಲಯ ಬೆಚ್ಚಿಬಿತ್ತು. ದೋಷವಿದ್ದದ್ದು ಓಪನ್‌ಎಸ್‌ಎಸ್‌ಎಲ್‌ನಲ್ಲಿ. ಅಸಂಖ್ಯ ವೆಬ್‌ಸೈಟ್‌ಗಳ ಪಾಸ್‌ವರ್ಡು, ಹಣದ ವ್ಯವಹಾರಗಳ ಗುಟ್ಟನ್ನು ಕಾಯುವ ತಂತ್ರಾಂಶ ಅದು. ಅದಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಸುದ್ದಿ ಹಬ್ಬಿದ ಮೇಲೆ ಒಂದು ವಾರದಲ್ಲಿ ಸುಮಾರು 200 ಮಂದಿ ಸೇರಿ 9,000 ಡಾಲರ್‌ನಷ್ಟು ಕಳುಹಿಸಿದರು, ಹೆಚ್ಚಿನವು ಐದು-ಹತ್ತು ಡಾಲರ್‌ನ ದೇಣಿಗೆಗಳು. ಆ ತಂತ್ರಾಂಶವನ್ನೇ ನೆಚ್ಚಿ ಕೋಟಿಗಟ್ಟಲೆ ವಹಿವಾಟು ನಡೆಸುತ್ತಿದ್ದ ಕಂಪನಿಗಳು ಕೈ ಬಿಚ್ಚಿದ್ದು ಅನಾಹುತ ಆದಮೇಲೆ. ಸ್ವಯಂಸೇವಕರು ನಡೆಸುವ ಯೋಜನೆಗಳಿಗೆ ಹಣದ ಕೊರತೆ ಇದ್ದೇ ಇದೆ. ಆದರೆ ಹೊತ್ತಿಗೆ ಸರಿಯಾಗಿ ಕೇಳದಿರುವುದು, ಲೆಕ್ಕ ಇಡದಿರುವುದು, ಒಬ್ಬರ ಹೆಗಲ ಮೇಲೆಯೇ ಭಾರ ಬಿಡುವುದು ಅದಕ್ಕಿಂತ ದೊಡ್ಡ ಕುತ್ತು.

1. ಸಂಕೋಚ ಬಿಟ್ಟು ಕೇಳಿ
ಥಂಡರ್‌ಬರ್ಡ್ ಇಮೇಲ್ ತಂತ್ರಾಂಶದ ಮೇಲೆ ಇನ್ನು ಹೆಚ್ಚು ಖರ್ಚು ಮಾಡುವುದಿಲ್ಲವೆಂದು ಮೊಜಿಲ್ಲಾ 2012ರಲ್ಲಿ ಹೇಳಿತು. ಅದರ ಕಥೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಆಮೇಲೆ ತಂಡ ಬಳಕೆದಾರರ ಮುಂದೆಯೇ, ತಂತ್ರಾಂಶದ ಒಳಗೇ, ದೇಣಿಗೆಯ ಕೋರಿಕೆ ಇಟ್ಟಿತು. 2022ರಲ್ಲಿ ಬಂದ ದೇಣಿಗೆ 60 ಲಕ್ಷ ಡಾಲರ್ ದಾಟಿತು. ಬಳಸುವವರಿಗೆ ನಿಮ್ಮ ಕಷ್ಟ ಗೊತ್ತಿಲ್ಲ, ನೀವಾಗಿಯೇ ಹೇಳಬೇಕು.

2. ಎಷ್ಟು ಬೇಕು, ಯಾತಕ್ಕೆ ಬೇಕು, ಬಿಡಿಸಿ ಹೇಳಿ
‘ನಮ್ಮನ್ನು ಬೆಂಬಲಿಸಿ’ ಎಂಬ ಗುಂಡಿಯೊಂದನ್ನು ಪುಟದ ಮೂಲೆಯಲ್ಲಿ ಇಟ್ಟರೆ ಯಾರೂ ಒತ್ತುವುದಿಲ್ಲ. 2002ರಲ್ಲಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶ ತಯಾರಿಸುತ್ತಿದ್ದ ಕಂಪನಿ ಮುಚ್ಚಿತ್ತು. ಒಂದು ಲಕ್ಷ ಯೂರೋ ಕೊಟ್ಟರೆ ಮೂಲ ಕೋಡ್ ಮುಕ್ತಗೊಳಿಸಲು ಹೂಡಿಕೆದಾರರು ಒಪ್ಪಿದರು. ಬ್ಲೆಂಡರ್ ಕಟ್ಟಿದ ಟಾನ್ ರೂಸೆಂಡಾಲ್ ಆ ಮೊತ್ತವನ್ನೇ ಜನರ ಮುಂದಿಟ್ಟರು, ಏಳು ವಾರಗಳಲ್ಲಿ ಹಣ ಕೂಡಿತು. ನಿಮ್ಮ ಅಗತ್ಯ ಅದರ ನೂರರಲ್ಲೊಂದು ಪಾಲು ಇರಬಹುದು. ಆದರೂ ಸರ್ವರ್ ಬಾಡಿಗೆ ಇಷ್ಟು, ಡೊಮೈನ್ ನವೀಕರಣಕ್ಕೆ ಇಷ್ಟು, ವಾರ್ಷಿಕ ಸಭೆಗೆ ಬರುವವರ ರೈಲು ಟಿಕೆಟ್‌ಗೆ ಇಷ್ಟು ಎಂದು ಬರೆಯಿರಿ.

3. ಒಮ್ಮೆಯ ಸಾವಿರಕ್ಕಿಂತ ತಿಂಗಳ ನೂರು ಮೇಲು
ಹನಿಹನಿಗೂಡಿದರೆ ಹಳ್ಳ. ತಿಂಗಳು ತಿಂಗಳೂ ಬರುವ ಹಣ ಎಷ್ಟೆಂದು ತಿಳಿದಿದ್ದರೆ ಮುಂದಿನ ಆರು ತಿಂಗಳ ಕೆಲಸಕ್ಕೆ ಧೈರ್ಯವಾಗಿ ಮಾತು ಕೊಡಬಹುದು.

4. ಕಂಪನಿಗಳ ಬಾಗಿಲನ್ನು ಬೇರೆ ಬಗೆಯಲ್ಲಿ ತಟ್ಟಿ
ಕಂಪನಿಯ ಎಂಜಿನಿಯರ್‌ಗೆ ನಿಮ್ಮ ಮೇಲೆ ಪ್ರೀತಿ ಇದ್ದರೂ ಚೆಕ್ಕಿಗೆ ಸಹಿ ಹಾಕುವವರು ಅಕೌಂಟ್ಸ್ ವಿಭಾಗದವರು. ಅವರಿಗೆ ಇನ್‌ವಾಯ್ಸ್ ಬೇಕು, ಹಣ ಯಾವ ಬಾಬ್ತಿನದೆಂದು ಬೇಕು. ಹಾಗಾಗಿ ದೇಣಿಗೆಯ ಜೊತೆಗೆ ವಾರ್ಷಿಕ ಬೆಂಬಲ, ತರಬೇತಿ, ತುರ್ತು ದುರಸ್ತಿ ಮುಂತಾದ ಸೇವೆಗಳನ್ನೂ ಮಾರಿ. ಇದರಲ್ಲಿ ಅವಮಾನವೇನೂ ಇಲ್ಲ. ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶ ಕಟ್ಟಿದ ಡ್ಯಾನಿಯಲ್ ಸ್ಟೆನ್‌ಬರ್ಗ್ ಬಹುಕಾಲ ಅದನ್ನು ಬಿಡುವಿನ ವೇಳೆಯಲ್ಲೇ ನೋಡಿಕೊಂಡವರು. 2019ರಿಂದ ವುಲ್ಫ್‌ಎಸ್‌ಎಸ್‌ಎಲ್ ಕಂಪನಿಯಲ್ಲಿದ್ದು ಕರ್ಲ್‌ಗೆ ವಾಣಿಜ್ಯ ಬೆಂಬಲ ಕೊಡುತ್ತಲೇ ಅದನ್ನು ಬೆಳೆಸುತ್ತಿದ್ದಾರೆ.

ಬೆಂಗಳೂರಿನಲ್ಲೇ ಒಂದು ಬಾಗಿಲು ತೆರೆದಿದೆ. ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ‘ಫ್ಲಾಸ್ ಫಂಡ್’ ಆರಂಭಿಸಿ, ಜಗತ್ತಿನ ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಘೋಷಿಸಿತು. ಒಂದು ಯೋಜನೆಗೆ 10,000ದಿಂದ 1,00,000 ಡಾಲರ್‌ವರೆಗೆ ಸಿಗಬಹುದು. ಅರ್ಜಿ ಹಾಕಲು ಮೊದಲು ನಿಮ್ಮ ಹಣದ ಅಗತ್ಯವನ್ನು ‘ಫಂಡಿಂಗ್ ಡಾಟ್ ಜೇಸನ್’ ಎಂಬ ಪುಟ್ಟ ಫೈಲಿನಲ್ಲಿ ಬರೆದು ಪ್ರಕಟಿಸಬೇಕು. ಅನುದಾನ ಬರಲಿ ಬಿಡಲಿ, ಆ ಫೈಲು ಬರೆಯಲು ಕೂತರೆ ಸಾಕು, ನಿಮಗೇ ನಿಮ್ಮ ಯೋಜನೆಯ ಖರ್ಚು ಸ್ಪಷ್ಟವಾಗುತ್ತದೆ.

5. ಹಣ ಯಾರ ಖಾತೆಗೆ?
ಒಬ್ಬರ ಉಳಿತಾಯ ಖಾತೆಗೆ ದೇಣಿಗೆ ಬೀಳುತ್ತಿದ್ದರೆ ಅವರಿಗೆ ತೆರಿಗೆಯ ತಲೆನೋವು, ಉಳಿದವರಿಗೆ ಅನುಮಾನ. ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 ಕಂಪನಿ ಮಾಡಿಕೊಳ್ಳಬಹುದು. ಆದರೆ ವಿದೇಶದ ದೇಣಿಗೆ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು, ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಬ್ಬ ಒಳ್ಳೆಯ ಆಡಿಟರ್ ಸಲಹೆಯನ್ನು ಮೊದಲ ದಿನವೇ ಪಡೆಯಿರಿ. ಸಣ್ಣ ತಂಡಕ್ಕೆ ಬೇರೆ ಸಂಸ್ಥೆಯ ನೆರಳು ಸಾಕು. ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಹಲವು ಯೋಜನೆಗಳ ಹಣವನ್ನು ಹೀಗೆ ನೋಡಿಕೊಳ್ಳುತ್ತದೆ. ಆ ನೆರಳೂ ಶಾಶ್ವತವಲ್ಲ ಎಂಬುದು ನೆನಪಿರಲಿ: ಓಪನ್ ಕಲೆಕ್ಟಿವ್ ಫೌಂಡೇಶನ್ 2024ರಲ್ಲಿ ಮುಚ್ಚುವುದಾಗಿ ಹೇಳಿದಾಗ ಅದರ ಆಶ್ರಯದಲ್ಲಿದ್ದ ಗುಂಪುಗಳು ಬೇರೆ ಜಾಗ ಹುಡುಕಬೇಕಾಯಿತು.

6. ಲೆಕ್ಕ ಎಲ್ಲರ ಕಣ್ಣಮುಂದಿರಲಿ
ಬಂದದ್ದು, ಹೋದದ್ದು, ಉಳಿದದ್ದು. ಮೂರು ತಿಂಗಳಿಗೊಮ್ಮೆ ಒಂದು ಪುಟ ಸಾಕು. ಕೋಡ್ ಬರೆಯುವವರೇ ಖಜಾಂಚಿ ಆಗಬೇಕಿಲ್ಲ. ಲೆಕ್ಕ ಬಲ್ಲ ಸ್ವಯಂಸೇವಕರೂ ಸಿಗುತ್ತಾರೆ, ಅವರನ್ನೂ ಕರೆಯಿರಿ.

7. ಯಾರಿಗೆ ಸಂಬಳ ಎಂಬುದನ್ನು ಮೊದಲೇ ಮಾತಾಡಿ ಮುಗಿಸಿ
ಎಲ್ಲರೂ ಉಚಿತವಾಗಿ ದುಡಿಯುವ ಕಡೆ ಇಬ್ಬರಿಗೆ ಮಾತ್ರ ಹಣ ಕೊಟ್ಟರೆ ಏನಾಗುತ್ತದೆ? 2006ರಲ್ಲಿ ಸ್ವಯಂಸೇವಕರೇ ಕಟ್ಟುವ ಲಿನಕ್ಸ್ ಆವೃತ್ತಿಯಾದ ಡೆಬಿಯನ್‌ನ ಕೆಲವರು ‘ಡಂಕ್-ಟ್ಯಾಂಕ್’ ಹೆಸರಿನಲ್ಲಿ ಹಣ ಕೂಡಿಸಿ ಬಿಡುಗಡೆಯ ಹೊಣೆ ಹೊತ್ತವರಿಗೆ ಕೊಡಲು ಹೊರಟರು. ಉದ್ದೇಶ ಒಳ್ಳೆಯದೇ. ಆದರೆ ಬೇರೆ ಸ್ವಯಂಸೇವಕರಲ್ಲಿ ಅಸಮಾಧಾನ ಹೊಗೆಯಾಡಿತು, ಕೆಲವರು ಕೈ ಕಟ್ಟಿ ಕೂತರು. ಡಿಸೆಂಬರ್‌ಗೆ ಬರಬೇಕಿದ್ದ ಆವೃತ್ತಿ ಬಂದದ್ದು 2007ರ ಏಪ್ರಿಲ್‌ಗೆ. ಹಾಗಾಗಿ ಯಾರಿಗೂ ಬೇಡವಾದ ಕೆಲಸಗಳಿಗೆ, ಅಂದರೆ ಭದ್ರತಾ ಪರೀಕ್ಷೆ, ಹಳೆಯ ಬಗ್‌ಗಳ ವಿಲೇವಾರಿ, ಕೈಪಿಡಿ ಬರೆಯುವುದಕ್ಕೆ, ಹಣ ಕೊಡುವುದು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ.

8. ಒಬ್ಬರ ಮೇಲೆ ನಿಲ್ಲಿಸಬೇಡಿ
ಇದು ಎಲ್ಲಕ್ಕಿಂತ ಮುಖ್ಯ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ವರ್ಷಗಳ ಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅಪರಿಚಿತ ಖಾತೆಗಳು ‘ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಎಂದು ಪೀಡಿಸತೊಡಗಿದವು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ತಾಳ್ಮೆಯಿಂದಲೇ ಉತ್ತರಿಸಿದರು. ಆಗಲೇ ನೆರವಿಗೆ ನಿಂತಿದ್ದ ‘ಜಿಯಾ ತಾನ್’ ಹೆಸರಿನ ಖಾತೆ ಮೆಲ್ಲನೆ ಬೀಗದ ಕೈ ಪಡೆದು 2024ರ ಆರಂಭದಲ್ಲಿ ಕಳ್ಳದಾರಿ ಸೇರಿಸಿತು. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಅವರಿಂದ ಆ ಮಾರ್ಚ್‌ನಲ್ಲಿ ಅದು ಬಯಲಾಯಿತು. ಇಲ್ಲವಾದರೆ ಅದು ಜಗತ್ತಿನ ಅಸಂಖ್ಯ ಲಿನಕ್ಸ್ ಸರ್ವರ್‌ಗಳನ್ನು ಹೊಕ್ಕುಬಿಡುತ್ತಿತ್ತು. ದಣಿದವರಿಗೆ ರಜೆ ಬೇಕು, ಜೊತೆಗಾರರು ಬೇಕು. ಡೊಮೈನ್, ಸರ್ವರ್, ಬಿಡುಗಡೆಯ ಕೀಲಿ, ಬ್ಯಾಂಕ್ ಖಾತೆ, ಈ ನಾಲ್ಕೂ ಕನಿಷ್ಠ ಇಬ್ಬರು ನಂಬಿಕಸ್ಥರ ಕೈಯಲ್ಲಿರಲಿ. ಹೊಸಬರನ್ನು ಅವಸರದಲ್ಲಲ್ಲ, ಮುಖ ಕಂಡು, ಜೊತೆಯಲ್ಲಿ ಕೆಲಸ ಮಾಡಿ ಒಳಗೆ ಕರೆದುಕೊಳ್ಳಿ.

ಕಂಪನಿಯಲ್ಲಿ ಕೆಲಸ ಮಾಡುವ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಪ್ರಾಡಕ್ಟ್ ಯಾವ ಯಾವ ಓಪನ್ ಸೋರ್ಸ್ ಯೋಜನೆಗಳ ಮೇಲೆ ನಿಂತಿದೆ ಎಂಬ ಪಟ್ಟಿಯನ್ನು ಈ ವಾರ ತೆಗೆಯಿರಿ. ಅದರಲ್ಲಿ ಒಬ್ಬಿಬ್ಬರೇ ನಡೆಸುತ್ತಿರುವ ಒಂದನ್ನು ಆರಿಸಿ, ಮುಂದಿನ ಬಜೆಟ್ ಸಭೆಯಲ್ಲಿ ಅದರ ಹೆಸರು ಹೇಳಿ ಹಣ ಕೇಳಿ.