ಆನುವಂಶಿಕ ಪರೀಕ್ಷೆಯ ಹಿಂದುಮುಂದು

ನಾಣ್ಯವನ್ನು ಚಿಮ್ಮಿದರೆ ಅದರ ಮುಖ ಮೇಲಾಗಿ ಬೀಳುವ ಸಂಭಾವ್ಯತೆ ಅರ್ಧ. ಭೌತಶಾಸ್ತ್ರದ ಅಧ್ಯಾಪಕರಾದ ನಾವು ಇದನ್ನು ಕರಿಹಲಗೆಯ ಮೇಲೆ ಬರೆದು ಮುಂದೆ ಸಾಗುತ್ತೇವೆ. ಆದರೆ ಆ ಅರ್ಧವು ಮನುಷ್ಯನೊಬ್ಬನ ಬಾಳಿಗೆ ಸಂಬಂಧಿಸಿದಾಗ ಗಣಿತವೊಂದೇ ಸಾಲದು. ಹಂಟಿಂಗ್‌ಟನ್ ರೋಗವು ಇದಕ್ಕೆ ನಿದರ್ಶನ.

ಅಮೆರಿಕದ ತರುಣ ವೈದ್ಯ ಜಾರ್ಜ್ ಹಂಟಿಂಗ್‌ಟನ್ 1872ರಲ್ಲಿ ವರ್ಣಿಸಿದ ಈ ವ್ಯಾಧಿಯು ಮಿದುಳಿನ ನರಕೋಶಗಳನ್ನು ಕ್ರಮೇಣ ನಾಶಪಡಿಸುತ್ತದೆ. ಅದು ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನೊಳಗೆ ತಲೆದೋರುತ್ತದೆ. ಕೈಕಾಲುಗಳು ಅಂಕೆ ತಪ್ಪುತ್ತವೆ, ಬುದ್ಧಿ ಕುಂದುತ್ತದೆ. ತಂದೆಗಾಗಲಿ ತಾಯಿಗಾಗಲಿ ಈ ರೋಗವಿದ್ದರೆ, ಪ್ರತಿಯೊಂದು ಮಗುವಿಗೂ ಅದರ ಮೂಲವು ದಾಟುವ ಸಂಭಾವ್ಯತೆ ಅರ್ಧ. ಅಣ್ಣನಿಗೆ ಬಂದಿತೆಂದು ತಮ್ಮನು ಪಾರಾಗುವುದಿಲ್ಲ. ನಾಣ್ಯಕ್ಕೆ ಹಿಂದಿನ ಎಸೆತದ ನೆನಪಿರುವುದಿಲ್ಲ.

1993ರಲ್ಲಿ ಈ ಮೂಲವು 4ನೆಯ ವರ್ಣತಂತುವಿನ ಒಂದು ವಂಶವಾಹಿಯಲ್ಲಿ ಪತ್ತೆಯಾಯಿತು. ಅಲ್ಲಿ ಸಿ, ಎ, ಜಿ ಎಂಬ ಮೂರಕ್ಷರಗಳ ಗುಂಪು ಮರುಕಳಿಸುತ್ತದೆ. ಈ ಆವೃತ್ತಿ 26 ಅಥವಾ ಅದಕ್ಕಿಂತ ಕಡಮೆಯಿದ್ದರೆ ಭಯವಿಲ್ಲ. 27ರಿಂದ 35ರವರೆಗೆ ತಮಗೆ ರೋಗ ಬಾರದಿದ್ದರೂ, ಮಕ್ಕಳಲ್ಲಿ ಎಣಿಕೆ ಬೆಳೆಯುವ ಅಲ್ಪ ಸಂಭವವುಂಟು. 36ರಿಂದ 39ರವರೆಗೆ ರೋಗ ಬರಬಹುದು, ಬಾರದಿರಬಹುದು. 40 ಅಥವಾ ಹೆಚ್ಚಾದರೆ, ಪೂರ್ಣಾಯುಸ್ಸು ದೊರೆತಲ್ಲಿ, ಬಂದೇ ಬರುವುದು. ಕೊಂಚ ರಕ್ತದಿಂದ ಈ ಎಣಿಕೆ ಸಾಧ್ಯ. ರೋಗವನ್ನು ಗುಣಪಡಿಸುವ ಔಷಧ ಮಾತ್ರ ಇನ್ನೂ ಲಭಿಸಿಲ್ಲ.

ಆದುದರಿಂದಲೇ ಪರೀಕ್ಷೆಗೆ ಮುನ್ನ ಆನುವಂಶಿಕ ಸಲಹೆ ಅವಶ್ಯಕ. ಈ ಹೆಸರನ್ನು 1947ರಲ್ಲಿ ಅಮೆರಿಕದ ಷೆಲ್ಡನ್ ರೀಡ್ ಬಳಕೆಗೆ ತಂದರು. ಸಲಹೆಗಾರರು ‘ಮಾಡಿಸಿಕೊಳ್ಳಿ’ ಎಂದಾಗಲಿ ‘ಬೇಡ’ ಎಂದಾಗಲಿ ವಿಧಿಸುವುದಿಲ್ಲ. ವಂಶವೃಕ್ಷವನ್ನು ಬರೆದು, ಅಂಕಿಗಳ ಅರ್ಥವನ್ನು ತಿಳಿಸಿ, ಫಲಿತಾಂಶದಿಂದ ವಿವಾಹ, ಸಂತಾನ, ಉದ್ಯೋಗಗಳ ಯೋಚನೆ ಹೇಗೆ ಬದಲಾಗಬಹುದೆಂದು ವಿಚಾರಿಸುತ್ತಾರೆ. ಆಲೋಚಿಸಲು ಕಾಲಾವಕಾಶ ಕೊಡುತ್ತಾರೆ.

ಒಂದು ಸಂದಿಗ್ಧವನ್ನು ಓದುಗರು ಗಮನಿಸಬೇಕು. ತಾತನಿಗೆ ರೋಗವಿತ್ತು, ತಂದೆಗೆ ತನ್ನ ಸ್ಥಿತಿಯನ್ನು ತಿಳಿಯುವ ಇಚ್ಛೆಯಿಲ್ಲ, 20 ವರ್ಷದ ಮಗನಿಗೆ ತಿಳಿಯಬೇಕಾಗಿದೆ. ಮಗನ ಸಂಭಾವ್ಯತೆ ಅರ್ಧದ ಅರ್ಧ, ಅಂದರೆ ಕಾಲು. ಅವನಲ್ಲಿ ಎಣಿಕೆ 40 ದಾಟಿತೆನ್ನೋಣ. ಆಗ ತಂದೆಯೂ ಆ ವಂಶವಾಹಿಯನ್ನು ಹೊತ್ತಿರುವನೆಂದು, ಅವನು ಕೇಳದೆಯೇ, ಬಯಲಾಯಿತು! ತಂದೆ ಮಕ್ಕಳು ಈ ಮಾತನ್ನು ರಕ್ತ ಕೊಡುವ ಮೊದಲೇ ಆಡಿಕೊಳ್ಳುವುದು ಲೇಸು.

ಫಲಿತಾಂಶವನ್ನು ಆಪ್ತರೊಬ್ಬರ ಸಮ್ಮುಖದಲ್ಲಿ, ಮುಖಾಮುಖಿಯಾಗಿ ತಿಳಿಸುವುದು ಕ್ರಮ. ತರುವಾಯವೂ ಸಲಹೆ ಮುಂದುವರಿಯಬೇಕು. ಪಾರಾದವರೂ ಪಾರಾಗದ ಒಡಹುಟ್ಟಿದವರನ್ನು ನೆನೆದು ಕೊರಗುವುದುಂಟು.

ಎಲ್ಲವನ್ನೂ ಕೇಳಿ ತಿಳಿದು, ಪರೀಕ್ಷೆ ಬೇಡವೆಂದು ಹಿಂದಿರುಗುವವರೂ ಇದ್ದಾರೆ. ಅವರನ್ನು ವಿಜ್ಞಾನಕ್ಕೆ ಅಂಜುವವರೆಂದು ನಾವು ಬಗೆಯಬಾರದು. ಅರಿಯುವ ಹಕ್ಕಿನಂತೆಯೇ ಅರಿಯದಿರುವ ಹಕ್ಕೂ ಮನುಷ್ಯನಿಗುಂಟು.