ಸೆನೆಕನೂ ಪೌಲನೂ: ಕಷ್ಟಕಾಲದ ಪಾಠವು

ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 18:1-17, ಫಿಲಿಪ್ಪಿಯವರಿಗೆ 4:10-20.

ಭಾಗ್ಯವು ಎಷ್ಟು ಚಂಚಲವಾದದ್ದೆಂದು ವಿಜಯಪುರದ ಸುತ್ತಣ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವವರಿಗೆ ಬೋಧಿಸಬೇಕಾದದ್ದಿಲ್ಲ. ವಾರಗಟ್ಟಲೆ ನಿದ್ದೆಗೆಟ್ಟು ಸೊಪ್ಪು ಹಾಕಿದ ಹುಳುಗಳು ಹಣ್ಣಾಗುವ ವೇಳೆಗೆ ಸಪ್ಪೆರೋಗ ತಗಲಿ ಸಾಯುವದುಂಟು. ಗೂಡು ಚೆನ್ನಾಗಿ ಬಂದರೂ ಹರಾಜಿನ ದಿನ ಬೆಲೆ ಕುಸಿಯುವದುಂಟು.

ಈ ಚಂಚಲತೆಯನ್ನು ಕುರಿತು ಪೂರ್ವದಲ್ಲಿ ರೋಮಾಪುರದ ಸೆನೆಕನೆಂಬ ಪಂಡಿತನು ಬಹಳವಾಗಿ ಬರೆದನು. ಭಾಗ್ಯವು ಕೊಟ್ಟದ್ದು ಕಡವೇ ಹೊರತು ಸ್ವತ್ತಲ್ಲ. ಕೇಳಿದಾಗ ಅದನ್ನು ಹಿಂದಕ್ಕೆ ಕೊಡಲು ಸಿದ್ಧರಾಗಿರಬೇಕು. ಕಷ್ಟವು ಮನುಷ್ಯನ ಗುಣವನ್ನು ಪರೀಕ್ಷಿಸುತ್ತದೆ ಎಂಬದೇ ಅವನ ಬೋಧನೆಯ ಸಾರವು.

ಅವನ ಕಾಲದ ನಾಣ್ಯಗಳು ನಮ್ಮ ಸೀಮೆಗೂ ಬಂದಿದ್ದವು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ನೆಲದೊಳಗೆ 163 ರೋಮೀಯ ಬೆಳ್ಳಿ ನಾಣ್ಯಗಳು ದೊರೆತವು; ಅವುಗಳಲ್ಲಿ ಕ್ಲೌದ್ಯ ಚಕ್ರವರ್ತಿಯ ನಾಣ್ಯಗಳೂ ಇದ್ದವು. ಹೂಳಿಟ್ಟವನಿಗೆ ಆ ಹಣವು ಒದಗಲಿಲ್ಲ. ಅಕ್ವಿಲನೂ ಪ್ರಿಸ್ಕಿಲ್ಲಳೂ ರೋಮಾಪುರವನ್ನು ಬಿಡುವಂತೆ ಮಾಡಿದವನು ಈ ಕ್ಲೌದ್ಯನೇ. ಕ್ರಿ.ಶ. 41ರಲ್ಲಿ ಸೆನೆಕನನ್ನು ಕೋರ್ಸಿಕ ದ್ವೀಪಕ್ಕೆ ಗಡೀಪಾರು ಮಾಡಿದವನೂ ಇವನೇ.

ಆ ದ್ವೀಪದಿಂದ ಸೆನೆಕನು, ಜ್ಞಾನಿಗೆ ದೇಶಭ್ರಷ್ಟತೆಯು ಕೇಡಲ್ಲವೆಂದು ತನ್ನ ತಾಯಿಗೆ ಧೈರ್ಯವಾಗಿ ಬರೆದನು. ಆದರೆ ಅಲ್ಲಿಂದಲೇ, ತನ್ನನ್ನು ಹಿಂದಕ್ಕೆ ಕರೆಯಿಸಿಕೊಂಡಾರೆಂಬ ಆಶೆಯಿಂದ, ಚಕ್ರವರ್ತಿಯ ಸೇವಕನೊಬ್ಬನಿಗೆ ಮುಖಸ್ತುತಿಯ ಪತ್ರವನ್ನೂ ಬರೆದನು. 49ರಲ್ಲಿ ತಿರಿಗಿ ಬಂದು, ನೀರೋನಿಗೆ ಗುರುವಾಗಿ ಅಪಾರ ಐಶ್ವರ್ಯವನ್ನು ಗಳಿಸಿದನು; 65ರಲ್ಲಿ ಆ ಶಿಷ್ಯನ ಅಪ್ಪಣೆಯಿಂದಲೇ ಪ್ರಾಣವನ್ನು ಕಳಕೊಂಡನು. ನಾವು ಅವನನ್ನು ಹಾಸ್ಯಮಾಡಬಾರದು. ಕೋಳಿ ಕೂಗುವದಕ್ಕೆ ಮುಂಚೆ ಪೇತ್ರನೂ ಹಾಗೆಯೇ ಬಿದ್ದನಲ್ಲವೇ? ಒಳ್ಳೆಯದನ್ನು ತಿಳಿಯುವದು ಬೇರೆ, ಶೋಧನೆಯಲ್ಲಿ ಅದರಂತೆ ನಿಲ್ಲುವದು ಬೇರೆ, ಮನುಷ್ಯಸ್ವಭಾವವು ಇಂಥದು.

ಈ ಸೆನೆಕನ ಅಣ್ಣನೇ ಕೊರಿಂಥದಲ್ಲಿ ಪೌಲನ ವ್ಯಾಜ್ಯವನ್ನು ತಳ್ಳಿಬಿಟ್ಟ ಗಲ್ಲಿಯೋನನು. ಆ ಪೌಲನೂ ಬೇಡಿಗಳಲ್ಲಿದ್ದು ಫಿಲಿಪ್ಪಿಯವರಿಗೆ ಪತ್ರ ಬರೆದನು. ಹಸಿವಿನಲ್ಲಿಯೂ ಸಮೃದ್ಧಿಯಲ್ಲಿಯೂ ತೃಪ್ತನಾಗಿರುವದನ್ನು ಕಲಿತುಕೊಂಡೆನೆಂದು ಅವನೂ ಹೇಳುತ್ತಾನೆ. ಆದರೆ ಬಲಕ್ಕಾಗಿ ತನ್ನ ಮನೋಧೈರ್ಯವನ್ನಲ್ಲ, ತನ್ನನ್ನು ಬಲಪಡಿಸುವ ಕರ್ತನನ್ನೇ ತೋರಿಸುತ್ತಾನೆ. ಇಷ್ಟೇ ಅಲ್ಲ, ಎಪಫ್ರೊದೀತನ ಕೈಯಲ್ಲಿ ಸಭೆಯು ಕಳುಹಿಸಿದ ಸಹಾಯವನ್ನು ನಾಚಿಕೆಪಡದೆ ತಕ್ಕೊಂಡು, ತನ್ನ ಸಂಕಟದಲ್ಲಿ ಪಾಲುಗಾರರಾದದ್ದಕ್ಕಾಗಿ ಅವರನ್ನು ಹೊಗಳುತ್ತಾನೆ.

ಹೀಗಿರಲಾಗಿ, ನೆರೆಯವನ ಹುಳುಮನೆ ಹಾಳಾದಾಗ, ಪಾಪದ ಫಲವೆಂದು ಪಿಸುಗುಟ್ಟಬೇಡಿರಿ; ಧೈರ್ಯವಾಗಿರೆಂದು ಬರೀ ಬಾಯಿಂದ ಹೇಳಿ ಹೊರಟುಬಿಡಲೂ ಬೇಡಿರಿ. ಒಂದು ಸೇರು ರಾಗಿಯನ್ನು ತಕ್ಕೊಂಡು ಹೋಗಿ, ಅವನ ಸಂಗಡ ಕೂತು ಪ್ರಾರ್ಥಿಸಿರಿ. ಕರ್ತನ ಬಲವು ಅನೇಕ ಸಾರಿ ಸಹೋದರನ ಕೈಯಿಂದಲೇ ಬರುತ್ತದೆ.

ಆಲೋಚಿಸತಕ್ಕ ಪ್ರಶ್ನೆಗಳು

1. ಸೆನೆಕನ ಬೋಧನೆಗೂ ಅವನ ನಡತೆಗೂ ಭೇದ ಬಂದದ್ದು ಯಾಕೆ?
2. ಪೌಲನು ತೃಪ್ತಿಯನ್ನು ಯಾರಿಂದ ಕಲಿತನು?
3. ನಮ್ಮ ಸಭೆಯಲ್ಲಿ ಈ ತಿಂಗಳು ಯಾರ ಸಂಕಟದಲ್ಲಿ ನಾವು ಪಾಲುಗಾರರಾಗಬೇಕು?