ಮಗುವಿನ ಕಿವಿ: ರಚನೆ, ಕಾರ್ಯ ಮತ್ತು ರಕ್ಷಣೆ

ಮಗುವು ಮಾತು ಕಲಿಯುವುದು ಕಿವಿಯ ಮೂಲಕ. ತಾಯಿಯ ಜೋಗುಳ, ತಂದೆಯ ಕರೆ, ಕೊಟ್ಟಿಗೆಯಲ್ಲಿನ ದನದ ಗಂಟೆಯ ಸದ್ದು, ಇವೆಲ್ಲವೂ ಕಿವಿಯನ್ನು ಹೊಕ್ಕು ಮಿದುಳನ್ನು ಮುಟ್ಟಿದ ಬಳಿಕವೇ ನಾಲಗೆಯು ನುಡಿಯಲು ತೊಡಗುತ್ತದೆ. ಆದುದರಿಂದ ಹುಟ್ಟಿನಿಂದ ಕಿವಿ ಕೇಳದ ಮಗುವು, ನಾಲಗೆ ಗಂಟಲುಗಳಲ್ಲಿ ಯಾವ ದೋಷವಿಲ್ಲದಿದ್ದರೂ, ಮಾತು ಬಾರದೆ ಬೆಳೆಯುವ ಸಂಭವವುಂಟು. ದಂಪತಿಗಳು ಕಿವಿಯ ರಚನೆಯನ್ನು ಸ್ಥೂಲವಾಗಿಯಾದರೂ ಅರಿತಿದ್ದರೆ ಯಾವ ತೊಂದರೆಗೆ ಚಿಕಿತ್ಸೆಯುಂಟು, ಯಾವುದನ್ನು ಮೊದಲೇ ತಡೆಯಬೇಕು ಎಂಬುದು ತಿಳಿದುಬರುತ್ತದೆ.

ಕಿವಿಯಲ್ಲಿ ಹೊರಕಿವಿ, ನಡುಕಿವಿ, ಒಳಕಿವಿ ಎಂದು ಮೂರು ಭಾಗಗಳಿವೆ. ನಮಗೆ ಕಾಣುವ ಹಾಲೆಯೂ ಅಲ್ಲಿಂದ ಒಳಗೆ ಹೋಗುವ ನಾಳವೂ ಸೇರಿ ಹೊರಕಿವಿ. ದೊಡ್ಡವರಲ್ಲಿ ಈ ನಾಳದ ಉದ್ದ ಸುಮಾರು 2.5 ಸೆಂಟಿಮೀಟರ್. ಅದರ ಚರ್ಮದಲ್ಲಿರುವ ಗ್ರಂಥಿಗಳು ಗುಗ್ಗೆಯನ್ನು ಉಂಟುಮಾಡುತ್ತವೆ. ಗುಗ್ಗೆಯನ್ನು ಬರಿಯ ಕೊಳೆಯೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಅದು ಧೂಳನ್ನೂ ಕ್ರಿಮಿಗಳನ್ನೂ ತಡೆಯುವ ಕಾವಲು. ಸಾಮಾನ್ಯವಾಗಿ ತಾನಾಗಿಯೇ ಹೊರಬೀಳುತ್ತದೆ. ಬೆಂಕಿಕಡ್ಡಿ, ಪಿನ್ನು, ಕೋಳಿಪುಕ್ಕಗಳಿಂದ ಕೆದಕಿದರೆ ಅದು ಮತ್ತಷ್ಟು ಒಳಕ್ಕೆ ಸರಿದು ಗಟ್ಟಿಯಾಗುತ್ತದೆ.

ನಾಳದ ಕೊನೆಯಲ್ಲಿ ಕಿವಿತಮಟೆಯೆಂಬ ಪೊರೆಯಿದೆ. ಅದರ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ. ಕಪಾಳಕ್ಕೆ ಬಲವಾಗಿ ಹೊಡೆದಾಗ ನಾಳದೊಳಗಿನ ಗಾಳಿಯ ಒತ್ತಡಕ್ಕೇ ಅದು ಹರಿಯಬಲ್ಲದು. ಮಕ್ಕಳನ್ನು ಹೊಡೆಯುವುದೇ ತಪ್ಪು. ಕೆನ್ನೆಯ ಮೇಲೆ ಹೊಡೆಯುವುದಂತೂ ಕಿವಿಗೇ ಅಪಾಯ.

ತಮಟೆಯ ಹಿಂದಿರುವ, ಗಾಳಿ ತುಂಬಿದ ಪುಟ್ಟ ಕೋಣೆಯೇ ನಡುಕಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಕುದುರೆ ಸವಾರನು ಕಾಲಿಡುವ ರಿಕಾಪಿನ ಆಕಾರದ ಕೊನೆಯ ಮೂಳೆಯು ಸುಮಾರು 3 ಮಿಲಿಮೀಟರ್ ಉದ್ದವಿದ್ದು, ಇಡೀ ದೇಹದಲ್ಲಿ ಅತಿ ಚಿಕ್ಕದು. ತಮಟೆಯ ಕಂಪನವು ಈ ಮೂಳೆಗಳ ಮೂಲಕ ಸುಮಾರು 20 ಪಟ್ಟು ಹೆಚ್ಚಿನ ಒತ್ತಡದೊಡನೆ ಒಳಕಿವಿಗೆ ತಲುಪುತ್ತದೆ.

ನಡುಕಿವಿಯಿಂದ ಮೂಗಿನ ಹಿಂಭಾಗದ ಗಂಟಲಿಗೆ ಯೂಸ್ಟೇಷಿಯನ್ ನಾಳವೆಂಬ ಒಂದು ದಾರಿಯಿದೆ. ತಾಯಂದಿರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು. ದೊಡ್ಡವರಲ್ಲಿ ಈ ನಾಳವು ಉದ್ದವಾಗಿ ಇಳಿಜಾರಾಗಿರುತ್ತದೆ. ಶಿಶುವಿನಲ್ಲಿ ಗಿಡ್ಡವಾಗಿ, ಹೆಚ್ಚುಕಡಿಮೆ ಅಡ್ಡಲಾಗಿರುತ್ತದೆ. ಹೀಗಾಗಿ ನೆಗಡಿಯಾದಾಗ ರೋಗಾಣುಗಳು ಗಂಟಲಿನಿಂದ ಸುಲಭವಾಗಿ ನಡುಕಿವಿಯನ್ನು ಸೇರಿ ಕೀವು ಕಟ್ಟುತ್ತದೆ. ಮಗು ರಾತ್ರಿಯೆಲ್ಲ ಅಳುತ್ತದೆ, ಕಿವಿಯನ್ನು ಎಳೆದುಕೊಳ್ಳುತ್ತದೆ, ಬಳಿಕ ತಮಟೆ ಒಡೆದು ಕಿವಿ ಸೋರುತ್ತದೆ. ಮಲಗಿಸಿಕೊಂಡೇ ಹಾಲೂಡುವುದರಿಂದಲೂ ಇದಕ್ಕೆ ಎಡೆಯಾಗುತ್ತದೆ. ಮಗುವಿನ ತಲೆಯನ್ನು ತೋಳಿನ ಮೇಲೆ ಎತ್ತರಿಸಿ ಹಾಲು ಕೊಡಬೇಕು.

ಕಿವಿ ಸೋರಿದಾಗ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡುವ ರೂಢಿ ಹಳ್ಳಿಗಳಲ್ಲಿ ಬಲವಾಗಿದೆ. ಅಜ್ಜಿಯರ ಅಕ್ಕರೆಯನ್ನು ನಾನು ಹಳಿಯುವುದಿಲ್ಲ. ಆದರೆ ತಮಟೆ ಗಟ್ಟಿಯಾಗಿದ್ದರೆ ಆ ಎಣ್ಣೆಯು ರೋಗವಿರುವಲ್ಲಿಗೆ ಮುಟ್ಟುವುದೇ ಇಲ್ಲ. ತೂತಾಗಿದ್ದರೆ ಎಣ್ಣೆಯೊಡನೆ ಹೊಸ ಕ್ರಿಮಿಗಳೂ ಒಳಸೇರುತ್ತವೆ. ಶುಭ್ರವಾದ ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು, ಸೋರಿದ್ದನ್ನು ಮೆಲ್ಲನೆ ಒರಸಿ, ಸ್ನಾನದ ನೀರು ಕಿವಿಗೆ ಹೋಗದಂತೆ ನೋಡಿಕೊಂಡು ವೈದ್ಯರಲ್ಲಿಗೆ ಕರೆತನ್ನಿ. ಉಪೇಕ್ಷಿಸಿದ ಸೋರುಕಿವಿಯು ಮೂಳೆಯನ್ನು ಕೊರೆದು ಮಿದುಳಿನವರೆಗೂ ಹಬ್ಬಬಹುದು. ಸಕಾಲದಲ್ಲಿ ಬಂದರೆ ಔಷಧಿಯಿಂದಲೋ, ತೂತು ಮುಚ್ಚುವ ಶಸ್ತ್ರಚಿಕಿತ್ಸೆಯಿಂದಲೋ ಬಹುಮಟ್ಟಿಗೆ ಸರಿಪಡಿಸಬಹುದು.

ಆಡುತ್ತಾ ಮಗು ಕಿವಿಗೆ ಕಡಲೆ, ಅವರೆಯಂತಹ ಕಾಳನ್ನು ತುರುಕಿಕೊಂಡರೆ ನೀರು ಹಾಕಬೇಡಿ, ಕಾಳು ಊದಿಕೊಳ್ಳುತ್ತದೆ. ಜೀವಂತ ಹುಳು ಹೊಕ್ಕಾಗ ಮಾತ್ರ, ಹಿಂದೆ ಎಂದೂ ಸೋರದ ಕಿವಿಯಾದರೆ, ಕೆಲವು ಹನಿ ಎಣ್ಣೆ ಬಿಟ್ಟು ಅದನ್ನು ಸಾಯಿಸಿ ಆಸ್ಪತ್ರೆಗೆ ಬರಬಹುದು.

ಇನ್ನು ಒಳಕಿವಿ. ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ಅಂಗವೊಂದು ಇಲ್ಲಿದೆ. ಅದರೊಳಗಿನ ಸುಮಾರು 15,000 ರೋಮಕೋಶಗಳಲ್ಲಿ ಕಂಪನವು ವಿದ್ಯುತ್ ಸಂಕೇತವಾಗಿ, ಶ್ರವಣನರದ ಮೂಲಕ ಮಿದುಳಿಗೆ ಹೋಗುತ್ತದೆ. ಪಕ್ಕದಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ದೇಹದ ಸಮತೋಲವನ್ನು ಕಾಯಲು ನೆರವಾಗುತ್ತವೆ. ತಲೆ ಸುತ್ತುವ ರೋಗಿಯ ಕಿವಿಯನ್ನು ವೈದ್ಯರು ನೋಡುವುದು ಇದಕ್ಕಾಗಿ. ಈ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯುವುದಿಲ್ಲ. ಆದುದರಿಂದ ಒಳಕಿವಿಯ ರಕ್ಷಣೆಯು ಮಗು ಹುಟ್ಟುವ ಮೊದಲೇ ಆರಂಭವಾಗಬೇಕು.

ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಜ್ವರ ಬಂದರೆ ಶಿಶು ಕಿವುಡಾಗಬಹುದು. ಇದರ ಲಸಿಕೆಯನ್ನು ಗರ್ಭಿಣಿಗೆ ಕೊಡುವುದಿಲ್ಲ, ಮೊದಲೇ ಹಾಕಿಸಿರಬೇಕು. ಕರ್ನಾಟಕದಲ್ಲಿ 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದು, ಅಂದಿನಿಂದ ಮಕ್ಕಳ ವಾಡಿಕೆಯ ಲಸಿಕೆಗಳಲ್ಲಿ ಅದೂ ಸೇರಿದೆ. ಸ್ಟ್ರೆಪ್ಟೊಮೈಸಿನ್‌ನಂತಹ ಕೆಲವು ಚುಚ್ಚುಮದ್ದುಗಳೂ ಶಿಶುವಿನ ಶ್ರವಣಕ್ಕೆ ಹಾನಿಕರ. ಗರ್ಭಿಣಿಯು ವೈದ್ಯರ ಸಲಹೆಯಿಲ್ಲದೆ ಯಾವ ಮದ್ದನ್ನೂ ತೆಗೆದುಕೊಳ್ಳಬಾರದು.

ಸೋದರಮಾವನನ್ನೋ, ಅತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮಲ್ಲಿ ಹಳೆಯ ಪದ್ಧತಿ. ಒಂದೇ ರಕ್ತದವರಾದುದರಿಂದ ಕಿವುಡಿನ ಒಂದೇ ದೋಷವು ಹೊರಗೆ ಕಾಣದಂತೆ ಇಬ್ಬರಲ್ಲೂ ಅಡಗಿರುವ ಸಂಭವ ಹೆಚ್ಚು. ಹಾಗಿದ್ದಲ್ಲಿ ಪ್ರತಿಯೊಂದು ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಈಗಾಗಲೇ ಇಂತಹ ಮದುವೆಯಾದವರು ಎದೆಗುಂದಬೇಕಾಗಿಲ್ಲ. ಅವರ ಬಹುಪಾಲು ಮಕ್ಕಳು ಚೆನ್ನಾಗಿಯೇ ಕೇಳುತ್ತಾರೆ. ಗಂಡನಾಗಲಿ ಮನೆಯವರಾಗಲಿ ಹೆಂಡತಿಯನ್ನು ದೂರುವುದಕ್ಕಂತೂ ಆಧಾರವೇ ಇಲ್ಲ, ಏಕೆಂದರೆ ಈ ಬಗೆಯ ದೋಷವು ಇಬ್ಬರಿಂದಲೂ ಬಂದಿರುತ್ತದೆ. ಮಗುವಿನ ಶ್ರವಣ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು.

ಕಿವುಡು ಮಗುವೂ ಮೊದಲ ಕೆಲವು ತಿಂಗಳು ಇತರ ಮಕ್ಕಳಂತೆಯೇ ಸದ್ದು ಮಾಡಿ ನಲಿಯುತ್ತದೆ. ಇದರಿಂದ ಮನೆಯವರು ಮೋಸಹೋಗುತ್ತಾರೆ. ಮೂರು ವರ್ಷ ತುಂಬಿದ ಮೇಲೆ ಕರೆತಂದು, “ಇವನಪ್ಪನೂ ತಡವಾಗಿಯೇ ಮಾತಾಡಿದ್ದು, ಡಾಕ್ಟ್ರೇ” ಎನ್ನುವವರುಂಟು. ಅಷ್ಟರಲ್ಲಿ ಮಾತು ಕಲಿಯುವ ಅಮೂಲ್ಯ ಕಾಲವು ಕಳೆದಿರುತ್ತದೆ. ಆರೇಳು ತಿಂಗಳ ಮಗು ಸದ್ದು ಬಂದ ಕಡೆಗೆ ತಿರುಗದಿದ್ದರೆ, ವರ್ಷ ತುಂಬಿದರೂ ಹೆಸರು ಕರೆದಾಗ ಓಗೊಡದಿದ್ದರೆ ಕಾಯುತ್ತ ಕೂರಬಾರದು. ಹುಟ್ಟಿದ ತಿಂಗಳೊಳಗೇ ಪರೀಕ್ಷೆ ಮಾಡಿಸುವುದು ಎಲ್ಲಕ್ಕಿಂತ ಉತ್ತಮ. ಅದರಲ್ಲಿ ನೋವಿಲ್ಲ, ಮಗು ನಿದ್ರಿಸುತ್ತಿರುವಾಗಲೇ ಮಾಡಬಹುದು. ದೋಷ ಕಂಡುಬಂದರೆ ಆರು ತಿಂಗಳೊಳಗೆ ಶ್ರವಣಯಂತ್ರ ಹಾಕಿಸಿ ಮಾತಿನ ತರಬೇತಿ ಆರಂಭಿಸಬೇಕು. ಯಂತ್ರದಿಂದ ಸಾಲದಿದ್ದರೆ ಒಳಕಿವಿಗೆ ಸಾಧನವನ್ನು ಜೋಡಿಸುವ ಶಸ್ತ್ರಚಿಕಿತ್ಸೆಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡೂ ಸೇರಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಪರೀಕ್ಷೆ ಮತ್ತು ತರಬೇತಿಗಳಿಗೆಂದೇ ಇದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿರಿ.